ಪತ್ರ ಬಿಚ್ಚಿ ಹರಡುವ ಪ್ರಾರ್ಥನೆ: ದಿನದ ಬದುಕನ್ನೆಲ್ಲ ದೇವರ ಮುಂದಿಡುವ ಬಗೆ

ಕ್ರಿ.ಪೂ. 701ರ ಸುಮಾರಿಗೆ ಯೆಹೂದದ ಅರಸ ಹಿಜ್ಕೀಯನ ಕೈಗೆ ಒಂದು ಪತ್ರ ಬಂತು. ಕಳುಹಿಸಿದವನು ಅಶ್ಶೂರದ ಅರಸ ಸನ್ಹೇರೀಬ. ನಿನ್ನ ದೇವರನ್ನು ನಂಬಿ ಮೋಸಹೋಗಬೇಡ, ಸುತ್ತಲಿನ ದೇಶಗಳಿಗೆ ಆದ ಗತಿಯೇ ನಿನಗೂ ಆಗುತ್ತದೆ ಎಂಬುದು ಅದರ ಸಾರ. ಹಿಜ್ಕೀಯನು ಪತ್ರವನ್ನು ಪೂರ್ತಿ ಓದಿದನು, ದೇವಾಲಯಕ್ಕೆ ಹೋದನು, ಅದನ್ನು ಬಿಚ್ಚಿ ಕರ್ತನ ಮುಂದೆ ಹರಡಿದನು, ಆಮೇಲೆ ಬಾಯಿ ತೆರೆದನು. ಅರಸುಗಳ ಎರಡನೆಯ ಗ್ರಂಥದ 19ನೇ ಅಧ್ಯಾಯದಲ್ಲಿಯೂ ಯೆಶಾಯನ ಗ್ರಂಥದ 37ನೇ ಅಧ್ಯಾಯದಲ್ಲಿಯೂ ಈ ಪ್ರಸಂಗವಿದೆ. ದೇವರಿಗೆ ಆ ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಇರಲಿಲ್ಲ. ಆದರೂ ಅರಸನು ಅದನ್ನು ಸುರುಳಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಮೇಲುಮೇಲಿನ ನಾಲ್ಕು ಒಳ್ಳೆಯ ಮಾತು ಹೇಳಿ ಮರಳಲಿಲ್ಲ.

ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಕರೆಂಟಿನ ಬಿಲ್ಲು, ಬ್ಯಾಂಕಿನ ನೋಟೀಸು, ರಕ್ತಪರೀಕ್ಷೆಯ ವರದಿ, ಮಗನ ಅಂಕಪಟ್ಟಿ, ಅಣ್ಣನಿಂದ ಬಂದ ಕಹಿಯಾದ ವಾಟ್ಸಾಪ್ ಸಂದೇಶ, ಇವೆಲ್ಲ ಜೇಬಿನಲ್ಲೇ ಇರುತ್ತವೆ. ಬಾಯಿ ಮಾತ್ರ ‘ಸಕಲ ಆಶೀರ್ವಾದಗಳಿಗಾಗಿ ಸ್ತೋತ್ರ’ ಎನ್ನುತ್ತಿರುತ್ತದೆ. ಪ್ರಾರ್ಥನೆಗೆ ಸಮಯವಿಲ್ಲವೆಂದು ಕೊರಗುವವರನ್ನು ಬಹಳ ಕಂಡಿದ್ದೇನೆ. ನನ್ನ ಅನುಭವದಲ್ಲಿ ಸಮಯದ ಕೊರತೆಗಿಂತ ದೊಡ್ಡ ಕೊರತೆ ಈ ಜೇಬಿನದು. ಆದ್ದರಿಂದ ಇಲ್ಲಿ ಹೇಳುವ ಹೆಜ್ಜೆಗಳು ಪ್ರಾರ್ಥನೆಯ ಗಂಟೆಗಳನ್ನು ಹೆಚ್ಚಿಸುವುದಕ್ಕೆ ಅಲ್ಲ, ಜೇಬಿನಲ್ಲಿರುವುದನ್ನು ಒಂದೊಂದಾಗಿ ಹೊರತೆಗೆಯುವುದಕ್ಕೆ.

ಮೊದಲ ಹೆಜ್ಜೆ: ಮನೆಯ ಮಾತನ್ನು ಒಳಗೆ ಬಿಡಿ

ಕನ್ನಡ ಕ್ರೈಸ್ತರಿಗೆ ಒಂದು ವಿಶೇಷವಾದ ತೊಡಕಿದೆ. ನಮ್ಮ ಪ್ರಾರ್ಥನೆಯ ಭಾಷೆ ಬಹುಮಟ್ಟಿಗೆ 19ನೇ ಶತಮಾನದ ಬೈಬಲ್ ಅನುವಾದಗಳಿಂದಲೂ ಆರಾಧನಾ ಕ್ರಮಗಳಿಂದಲೂ ರೂಪುಗೊಂಡದ್ದು. ಆ ಭಾಷೆಗೆ ಗಾಂಭೀರ್ಯವಿದೆ, ಸಭೆಯಾಗಿ ಕೂಡಿದಾಗ ಅದು ಎಲ್ಲರನ್ನೂ ಒಂದೇ ಸ್ವರದಲ್ಲಿ ಹಿಡಿದಿಡುತ್ತದೆ, ಅದನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ‘ದಯಪಾಲಿಸು’, ‘ಅನುಗ್ರಹಿಸು’, ‘ಕರುಣಿಸು’ ಎಂಬ ಕ್ರಿಯಾಪದಗಳ ಎದುರಿಗೆ ‘ಬಾಡಿಗೆ ಕಟ್ಟೋಕೆ ಮೂರು ಸಾವಿರ ಕಮ್ಮಿ ಬಿದ್ದಿದೆ’ ಎಂಬ ವಾಕ್ಯವನ್ನು ನಿಲ್ಲಿಸಲು ನಾಲಿಗೆ ನಾಚುತ್ತದೆ. ಹೀಗೆ ನಾಚಿದ ನಾಲಿಗೆ ಬಾಡಿಗೆಯ ಮಾತನ್ನು ಬಿಟ್ಟು ‘ನಮ್ಮ ಕೊರತೆಗಳನ್ನು ನೀಗಿಸು’ ಎಂಬಲ್ಲಿಗೆ ಜಾರಿಬಿಡುತ್ತದೆ.

ಏಕಾಂತದ ಪ್ರಾರ್ಥನೆಯಲ್ಲಾದರೂ ಆ ನಾಚಿಕೆಯನ್ನು ಬಿಡಬೇಕು. ಧಾರವಾಡದ ಕಡೆಯವರು ಧಾರವಾಡದ ಮಾತಿನಲ್ಲಿ, ಚಾಮರಾಜನಗರದ ಕಡೆಯವರು ಅಲ್ಲಿಯ ಮಾತಿನಲ್ಲಿ, ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡುವವರು ಅದರಲ್ಲೇ ಪ್ರಾರ್ಥಿಸಲಿ. ದೇವರನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬ ಸಂದೇಹ ಕೆಲವರಿಗಿದೆ. ಪ್ರಾಟೆಸ್ಟೆಂಟರು ರೂಢಿಯಾಗಿ ‘ನೀನು’ ಎನ್ನುತ್ತಾರೆ, ಕಥೋಲಿಕರ ಪ್ರಾರ್ಥನೆಗಳಲ್ಲಿ ‘ನೀವು’ ಹೆಚ್ಚು. ಅಪ್ಪನನ್ನು ನೀವು ಯಾವುದರಿಂದ ಕರೆಯುತ್ತೀರೋ ಅದನ್ನೇ ಬಳಸುವುದು ನೇರವಾದ ದಾರಿ.

ಇದಕ್ಕೆ ಸತ್ಯವೇದದಲ್ಲಿ ಹನ್ನಳ ಉದಾಹರಣೆ ಇದೆ. ಮಕ್ಕಳಿಲ್ಲದ ದುಃಖ, ಸವತಿಯ ಕೊಂಕುಮಾತು, ಇವುಗಳನ್ನೆಲ್ಲ ಹೊತ್ತು ಶೀಲೋವಿನ ಆಲಯಕ್ಕೆ ಬಂದವಳು ತುಟಿ ಅಲುಗಿಸುತ್ತ, ಧ್ವನಿ ಹೊರಡಿಸದೆ ಪ್ರಾರ್ಥಿಸುತ್ತಾಳೆ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿಯುತ್ತಾನೆ. ಆರಾಧನೆಯ ಕ್ರಮ ಬಲ್ಲವನಿಗೇ ಅದು ಪ್ರಾರ್ಥನೆಯಂತೆ ಕಾಣಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಹೆಜ್ಜೆ: ನಿನ್ನೆಯ ದಿನವನ್ನು ಕಾಗದಕ್ಕೆ ಇಳಿಸಿ

ಒಂದು ಹಾಳೆ ತೆಗೆದುಕೊಂಡು ನಿನ್ನೆ ಎದ್ದ ಹೊತ್ತಿನಿಂದ ಮಲಗಿದ ಹೊತ್ತಿನವರೆಗೆ ನಡೆದದ್ದನ್ನು ಬರೆಯಿರಿ. ‘ಕೆಲಸಕ್ಕೆ ಹೋದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಒಂಬತ್ತೂಕಾಲಿಗೆ ಬಸ್ಸು ತಪ್ಪಿತು, ಮೇಲಿನವರು ಎಲ್ಲರೆದುರು ಗದರಿದರು, ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ’ ಎಂದು ಬರೆಯಬೇಕು. ಬರೆದ ಮೇಲೆ ಒಂದೊಂದು ಸಾಲಿನ ಪಕ್ಕದಲ್ಲಿ, ಇದು ಕಳೆದ ಒಂದು ತಿಂಗಳಲ್ಲಿ ಒಮ್ಮೆಯಾದರೂ ನನ್ನ ಪ್ರಾರ್ಥನೆಗೆ ಬಂದಿದೆಯೇ ಎಂದು ಕೇಳಿಕೊಂಡು ಗುರುತು ಹಾಕಿ.

ಗುರುತು ಬೀಳದೆ ಉಳಿಯುವ ಸಾಲುಗಳು ಬಹುತೇಕ ಎಲ್ಲರಲ್ಲೂ ಒಂದೇ ಬಗೆಯವು: ಹಣ, ದೇಹ, ಗಂಡಹೆಂಡಿರ ನಡುವಿನ ಮೌನ, ಮೊಬೈಲು ನೋಡುತ್ತ ಕಳೆದ ರಾತ್ರಿಯ ಹೊತ್ತು, ಸಹೋದ್ಯೋಗಿಯ ಮೇಲಿನ ಮತ್ಸರ. ಇವುಗಳ ಜೊತೆಗೆ, ಆಶ್ಚರ್ಯವೆಂಬಂತೆ, ಸಂತೋಷ. ಬಿಸಿಯಾದ ಅಕ್ಕಿರೊಟ್ಟಿ ಬಾಯಿಗಿಟ್ಟಾಗಿನ ಸಂತೋಷ, ಹಳೆಯ ಗೆಳೆಯನ ಫೋನು ಬಂದಾಗಿನ ಸಂತೋಷ, ಮಗಳು ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದದ್ದು. ಕಷ್ಟಕ್ಕೆ ದೇವರನ್ನು ನೆನೆಯುವ ಅಭ್ಯಾಸ ನಮಗಿದೆ; ಚಿಕ್ಕ ಸಂತೋಷವನ್ನು ದೇವರಿಗೆ ಹೇಳುವ ಅಭ್ಯಾಸ ಅಷ್ಟಾಗಿ ಇಲ್ಲ. ಈ ಹಾಳೆಯನ್ನು ಮಡಿಸಿ ಬೈಬಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಗಳಿಗೆ ಅದೇ ನಕ್ಷೆ.

ಮೂರನೆಯ ಹೆಜ್ಜೆ: ಮೂರು ಹೊತ್ತು

ದಿನವೆಲ್ಲ ದೇವರನ್ನು ನೆನೆಯುತ್ತೇನೆಂದು ಹೊರಟವರು ಹೊತ್ತು ಗೊತ್ತುಮಾಡದೆ ಹೋದರೆ ದಿನವೆಲ್ಲ ಮರೆಯುತ್ತಾರೆ. 55ನೇ ಕೀರ್ತನೆ ಸಂಜೆ, ಮುಂಜಾನೆ, ಮಧ್ಯಾಹ್ನ ಎನ್ನುತ್ತದೆ. ದಾನಿಯೇಲನು ಬಾಬಿಲೋನಿನಲ್ಲಿ ಯೆರೂಸಲೇಮಿನ ಕಡೆಗಿನ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರಿದನು. ಆದಿ ಸಭೆಯ ‘ದಿದಾಖೆ’ ಎಂಬ ಕೈಪಿಡಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳುವಂತೆ ವಿಧಿಸುತ್ತದೆ. ಬೆಳಿಗ್ಗೆ ಆರಕ್ಕೆ, ನಡುಹಗಲು ಹನ್ನೆರಡಕ್ಕೆ, ಸಂಜೆ ಆರಕ್ಕೆ ಬಾರಿಸುವ ಕಥೋಲಿಕ ದೇವಾಲಯದ ಗಂಟೆಯೂ ಈ ಮೂರರ ಲೆಕ್ಕದ್ದೇ.

ನಿಮ್ಮ ಮೂರು ಹೊತ್ತು ಗಡಿಯಾರಕ್ಕೆ ಕಟ್ಟುಬೀಳುವ ಅಗತ್ಯವಿಲ್ಲ. ಹಾಲು ಉಕ್ಕುವುದನ್ನು ಕಾಯುವ ಐದು ನಿಮಿಷ, ಊಟದ ಡಬ್ಬಿ ತೆರೆಯುವ ಮುನ್ನ, ದೀಪ ಆರಿಸುವ ಮುನ್ನ, ಇಷ್ಟು ಸಾಕು. ಪಾಳಿ ಕೆಲಸದವರು ಪಾಳಿಗೆ ತಕ್ಕಂತೆ ಗೊತ್ತುಮಾಡಿಕೊಳ್ಳಲಿ. ಬೆಳಿಗ್ಗೆ ಮುಂದಿನದನ್ನು ಒಪ್ಪಿಸುವುದು, ನಡುವೆ ತಡೆದು ನೋಡುವುದು, ರಾತ್ರಿ ಹಿಂದಿನದನ್ನು ತಿರುವಿ ನೋಡುವುದು ಎಂದು ಮೂರಕ್ಕೂ ಬೇರೆ ಬೇರೆ ಕೆಲಸ ಇದ್ದರೆ ಒಂದೇ ಪ್ರಾರ್ಥನೆಯನ್ನು ಮೂರು ಸಲ ಗುನುಗುವ ಬೇಸರ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎರಡು ಮಾತಿನ ನಡುವಿನ ಪ್ರಾರ್ಥನೆ

ಪಾರಸಿಯ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸದ ಪಾತ್ರೆ ಕೊಡುತ್ತಿದ್ದ ನೆಹೆಮೀಯನ ಮುಖ ಬಾಡಿರುವುದನ್ನು ಕಂಡು ಅರಸನು ‘ನಿನಗೇನು ಬೇಕು’ ಎಂದು ಕೇಳುತ್ತಾನೆ. ಆಗ ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಹೀಗೆ ಹೇಳಿದೆನು ಎಂದು ನೆಹೆಮೀಯನೇ ಬರೆದುಕೊಂಡಿದ್ದಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಇದ್ದೀತು? ಅರಸನ ಎದುರು ಕಣ್ಣು ಮುಚ್ಚಿ ನಿಲ್ಲುವಂತಿಲ್ಲ. ಒಂದು ಉಸಿರಿನಷ್ಟು ಹೊತ್ತು. ಆದರೆ ಆ ಉಸಿರಿನ ಹಿಂದೆ ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ ಸುಮಾರು ನಾಲ್ಕು ತಿಂಗಳ ಉಪವಾಸ ಮತ್ತು ಕಣ್ಣೀರು ಇದೆ. ಉದ್ದದ ಪ್ರಾರ್ಥನೆ ಇಲ್ಲದವನಿಗೆ ಚಿಕ್ಕ ಪ್ರಾರ್ಥನೆ ಸಮಯಕ್ಕೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ಮೂರು ಹೊತ್ತನ್ನು ಮೊದಲು ಹೇಳಿ ಇದನ್ನು ಆಮೇಲೆ ಇಟ್ಟದ್ದು ಅದಕ್ಕೇ.

ಐಗುಪ್ತದ ಮರುಭೂಮಿಯ ಸನ್ಯಾಸಿಗಳು 70ನೇ ಕೀರ್ತನೆಯ ಮೊದಲ ಮಾತನ್ನು, ದೇವರೇ ನನ್ನ ಸಹಾಯಕ್ಕೆ ಬೇಗ ಬಾ ಎಂಬ ಅರ್ಥದ ಮೊರೆಯನ್ನು, ಊಟ, ಕೆಲಸ, ನಿದ್ರೆ, ಶೋಧನೆ ಎಲ್ಲದರಲ್ಲೂ ಉಸಿರಿನಂತೆ ಬಳಸುತ್ತಿದ್ದರೆಂದು 5ನೇ ಶತಮಾನದ ಆರಂಭದಲ್ಲಿ ಅವರ ನಡುವೆ ಬಾಳಿದ್ದ ಸನ್ಯಾಸಿ ಯೋಹಾನ ಕ್ಯಾಸಿಯನ್ ಬರೆದಿದ್ದಾನೆ. ನೀವೂ ಒಂದೆರಡು ಚಿಕ್ಕ ಮಾತುಗಳನ್ನು ಆರಿಸಿಕೊಂಡು ದಿನಾಲೂ ಮಾಡುವ ಒಂದು ಕ್ರಿಯೆಗೆ ಗಂಟು ಹಾಕಿ. ಗಾಡಿಗೆ ಕೀಲಿ ಹಾಕುವಾಗ ‘ಕರ್ತನೇ, ಜೊತೆಗಿರು’; ಫೋನು ಎತ್ತುವ ಮುನ್ನ ‘ನನ್ನ ನಾಲಿಗೆ ಕಾಯಿ’; ಆಂಬುಲೆನ್ಸ್ ಸದ್ದು ಕೇಳಿದಾಗ ‘ಒಳಗಿರುವವರನ್ನು ಉಳಿಸು’. ಮೊದಲ ವಾರ ಒಂದೇ ಗಂಟು ಸಾಕು. ಹತ್ತು ಗಂಟು ಹಾಕಿದವರು ಮೂರನೆಯ ದಿನಕ್ಕೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ಐದನೆಯ ಹೆಜ್ಜೆ: ಹರಡುವುದು

ಇದು ಈ ಮಾರ್ಗದರ್ಶಿಯ ಹೃದಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ವಾರಕ್ಕೆ ಒಂದು ಸಲವಾದರೂ, ಮನಸ್ಸಿಗೆ ಭಾರವಾಗಿರುವ ಒಂದು ಸಂಗತಿಯ ಕಾಗದವನ್ನು ನಿಜವಾಗಿಯೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಬಿಚ್ಚಿ ಇಡಿ. ಕಾಗದವಿಲ್ಲದ ಸಂಗತಿಯಾದರೆ ನಿಮ್ಮ ಕೈಯಾರೆ ಒಂದು ಚೀಟಿಯಲ್ಲಿ ಬರೆಯಿರಿ. ಬಾಗಿಲು ಮುಚ್ಚಿ, ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಅಕ್ಷರಶಃ ಬಾಗಿಲು ಮುಚ್ಚುವುದನ್ನೇ. ಒಂದೇ ಕೋಣೆಯ ಮನೆಯವರಿಗೆ ಮಹಡಿಯ ಮೆಟ್ಟಿಲು, ತೋಟದ ಬದು, ನಿಲ್ಲಿಸಿದ ಸ್ಕೂಟರಿನ ಆಸನ ಯಾವುದಾದರೂ ಆದೀತು.

ಹಿಜ್ಕೀಯನ ಪ್ರಾರ್ಥನೆ ನಾಲ್ಕೈದು ವಚನಗಳದ್ದು, ಅದರ ಚಲನೆಯನ್ನು ಹಾಗೆಯೇ ಅನುಸರಿಸಬಹುದು. ಅವನು ಮೊದಲು ತಾನು ಯಾರೊಂದಿಗೆ ಮಾತಾಡುತ್ತಿದ್ದೇನೆಂಬುದನ್ನು ಹೇಳುತ್ತಾನೆ: ಕೆರೂಬಿಗಳೆಂಬ ರೆಕ್ಕೆಯುಳ್ಳ ದೇವದೂತರ ಮೇಲೆ ಆಸೀನನಾದವನು, ಎಲ್ಲ ರಾಜ್ಯಗಳ ದೇವರು, ಭೂಮ್ಯಾಕಾಶಗಳನ್ನು ಉಂಟುಮಾಡಿದವನು. ಆಮೇಲೆ ಕಿವಿಗೊಟ್ಟು ಕೇಳು, ಕಣ್ಣು ತೆರೆದು ನೋಡು ಎಂದು ಪತ್ರವನ್ನು ತೋರಿಸುತ್ತಾನೆ. ಮೂರನೆಯದಾಗಿ ಒಂದು ಅಪರೂಪದ ಕೆಲಸ ಮಾಡುತ್ತಾನೆ: ಅಶ್ಶೂರದ ಅರಸರು ಬೇರೆ ಜನಾಂಗಗಳನ್ನು ಹಾಳುಮಾಡಿದ್ದು ನಿಜವೇ ಎಂದು ಒಪ್ಪಿಕೊಳ್ಳುತ್ತಾನೆ. ಶತ್ರುವಿನ ಪತ್ರದಲ್ಲಿದ್ದ ನಿಜವನ್ನು ಅವನು ಪ್ರಾರ್ಥನೆಯಿಂದ ಅಳಿಸಿಹಾಕಲಿಲ್ಲ. ಕೊನೆಗೆ, ರಕ್ಷಿಸು ಎಂಬ ಒಂದು ಬೇಡಿಕೆ, ಮತ್ತು ಏಕೆ ರಕ್ಷಿಸಬೇಕೆಂಬ ಕಾರಣ.

ಇದನ್ನು ಒಂದು ರಕ್ತಪರೀಕ್ಷೆಯ ವರದಿಗೆ ಹಚ್ಚಿ ನೋಡೋಣ. ಮೂರು ತಿಂಗಳ ಸಕ್ಕರೆಯ ಸರಾಸರಿ 8.4 ಎಂದಿದೆ ಎಂದಿಟ್ಟುಕೊಳ್ಳಿ. ಆ ಅಂಕಿಯ ಮೇಲೆ ಬೆರಳಿಟ್ಟು, ‘ತಂದೆಯೇ, ಈ ದೇಹವನ್ನು ಮಾಡಿದವನು ನೀನು. ಈ ಕಾಗದ ನೋಡು. 8.4 ಎಂದು ಬಂದಿರುವುದು ನಿಜ. ಹೋದ ತಿಂಗಳು ಮೂರು ಮದುವೆ ಊಟ ಮಾಡಿ ಎರಡು ವಾರ ಮಾತ್ರೆ ಬಿಟ್ಟದ್ದೂ ನಿಜ. ಅಪ್ಪನ ಕಾಲಿಗೆ ಆದದ್ದು ನನಗೂ ಆದೀತೆಂದು ಹೆದರಿದ್ದೇನೆ, ಅದೂ ನಿಜ. ನನಗೆ ಗುಣಕೊಡು, ನಾಳೆ ಬೆಳಿಗ್ಗೆ ನಡೆಯಲು ಎಬ್ಬಿಸು, ಮಕ್ಕಳು ಇನ್ನೂ ಓದುತ್ತಿದ್ದಾರೆ’ ಎಂದು ಹೇಳಬಹುದು. ಇದರಲ್ಲಿ ಒಂದೂ ದೊಡ್ಡ ಮಾತಿಲ್ಲ, ಒಂದೂ ಸುಳ್ಳಿಲ್ಲ. ಪ್ರಾರ್ಥಿಸಿದ್ದೇನೆಂದು ಮಾತ್ರೆ ನಿಲ್ಲಿಸುವುದು ವಿಶ್ವಾಸವಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಹಿಜ್ಕೀಯನೇ ಮುಂದೆ ಕಾಯಿಲೆ ಬಿದ್ದಾಗ ದೇವರು ಆಯುಷ್ಯ ಕೊಟ್ಟದ್ದರ ಜೊತೆಗೆ ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಪಟ್ಟಿಯನ್ನೂ ಹಾಕಿಸಿದ ಪ್ರವಾದಿ ಯೆಶಾಯನು. ಮನೆಯೊಳಗೆ ಹೊಡೆತ ತಿನ್ನುತ್ತಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ: ಪ್ರಾರ್ಥಿಸಿ, ಮತ್ತು ಆ ಮನೆಯಿಂದ ಹೊರಬಂದು ಸಹಾಯ ಕೇಳಿ.

ನನ್ನದೊಂದು ಚೀಟಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಮಗನ ದೀಕ್ಷಾಸ್ನಾನದ ಊಟಕ್ಕೆಂದು ಹೆಂಡತಿಯ ಎರಡು ಬಳೆಗಳನ್ನು ಅಡವಿಟ್ಟಿದ್ದೆ. ಅದರ ರಸೀದಿ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಏಳು ತಿಂಗಳು ಮಲಗಿತ್ತು. ಪ್ರತಿ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಮ್ಮ ದೇಶದ ಅಧಿಕಾರಿಗಳಿಗಾಗಿಯೂ ಸುವಾರ್ತಾಸೇವೆಗಾಗಿಯೂ ಪ್ರಾರ್ಥಿಸುತ್ತಿದ್ದ ನಾನು ಆ ರಸೀದಿಯ ಸುದ್ದಿಯನ್ನು ಒಮ್ಮೆಯೂ ಎತ್ತಿರಲಿಲ್ಲ. ಒಂದು ರಾತ್ರಿ ಅದನ್ನು ತೆಗೆದು ಊಟದ ಮೇಜಿನ ಮೇಲೆ ಬಿಚ್ಚಿದೆ. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿತ್ತು, ಗ್ರಾಂ ಲೆಕ್ಕ ಮಾತ್ರ ಕಾಣುತ್ತಿತ್ತು. ‘ಕರ್ತನೇ, ಈ ಸಾಲ’ ಎಂದು ಶುರುಮಾಡಿದವನಿಗೆ ಮುಂದಿನ ವಾಕ್ಯ ತಾನಾಗಿ ಬಂತು: ‘ಇದು ಮಗುವಿಗಾಗಿ ಮಾಡಿದ್ದಲ್ಲ, ಭಾವಂದಿರ ಎದುರಿಗೆ ಸಣ್ಣವನಾಗಬಾರದೆಂದು ಮಾಡಿದ್ದು.’ ಅದನ್ನು ನಾನು ಅದುವರೆಗೆ ನನಗೇ ಹೇಳಿಕೊಂಡಿರಲಿಲ್ಲ. ಹಣವೇನೂ ಆಕಾಶದಿಂದ ಉದುರಲಿಲ್ಲ. ಬಳೆ ಬಿಡಿಸಲು ಇನ್ನೂ ಹನ್ನೊಂದು ತಿಂಗಳು ಹಿಡಿಯಿತು. ಆದರೆ ಮುಂದಿನ ವರ್ಷದ ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಿಸಲಿಲ್ಲ.

ಆರನೆಯ ಹೆಜ್ಜೆ: ಕೆಲಸವನ್ನು ಕೆಲಸವಾಗಿಯೇ ಒಪ್ಪಿಸುವುದು

1535ರಲ್ಲಿ ವಿಟೆನ್‌ಬರ್ಗಿನ ಕ್ಷೌರಿಕ ಪೇತರ್ ಬೆಸ್ಕೆಂಡಾರ್ಫ್ ತನ್ನ ಗೆಳೆಯ, ಸಭಾ ಸುಧಾರಕ ಮಾರ್ಟಿನ್ ಲೂಥರನನ್ನು ಹೇಗೆ ಪ್ರಾರ್ಥಿಸಬೇಕೆಂದು ಕೇಳಿದ. ಲೂಥರ್ ಅವನಿಗೆ ಬರೆದ ಉದ್ದದ ಉತ್ತರದಲ್ಲಿ ಕ್ಷೌರದ ಕತ್ತಿಯದೇ ಉದಾಹರಣೆ ಇದೆ: ಒಳ್ಳೆಯ ಕ್ಷೌರಿಕನ ಕಣ್ಣೂ ಮನಸ್ಸೂ ಕತ್ತಿ ಮತ್ತು ಕೂದಲಿನ ಮೇಲಿರಬೇಕು, ಹರಟೆ ಹೊಡೆಯುತ್ತ ಕತ್ತಿ ಆಡಿಸಿದರೆ ಗಿರಾಕಿಯ ಮೂಗೋ ಗಂಟಲೋ ಹೋದೀತು, ಪ್ರಾರ್ಥನೆಗೂ ಅಷ್ಟೇ ಏಕಾಗ್ರತೆ ಬೇಕು. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಲಿ, ‘ಇದೊಂದು ಕೆಲಸ ಮುಗಿಸಿ ಆಮೇಲೆ ಪ್ರಾರ್ಥಿಸುತ್ತೇನೆ’ ಎಂಬ ಯೋಚನೆಯನ್ನು ನಂಬಬೇಡ ಎಂದೂ ಅವನು ಎಚ್ಚರಿಸುತ್ತಾನೆ. ಆ ಯೋಚನೆಯ ಪರಿಚಯ ನಮಗೆಲ್ಲರಿಗೂ ಇದೆ.

ಕತ್ತಿಯ ಉದಾಹರಣೆಯಿಂದ ನಾನು ಇನ್ನೊಂದು ಮಾತನ್ನೂ ತೆಗೆಯುತ್ತೇನೆ. ಕೆಲಸ ಮಾಡುವಾಗ ಮನಸ್ಸನ್ನು ಕೆಲಸದಿಂದ ಕಿತ್ತು ಪ್ರಾರ್ಥನೆಗೆ ಹಚ್ಚಬೇಕಾಗಿಲ್ಲ. ಬಸ್ಸಿನ ಚಾಲಕ, ದಾದಿ, ಲೆಕ್ಕ ಬರೆಯುವವರು ತಮ್ಮ ಗಮನವನ್ನು ಕೆಲಸಕ್ಕೇ ಕೊಡಲಿ. ಆ ಗಮನವನ್ನೇ ಆರಂಭದಲ್ಲಿ ಒಪ್ಪಿಸಿ, ಮುಗಿದಾಗ ಒಂದು ಮಾತಿನಲ್ಲಿ ಮರಳಿ ಒಪ್ಪಿಸಿದರೆ ಸಾಕು. ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್, ಪಾತ್ರೆಗಳ ಗದ್ದಲದ ನಡುವೆಯೂ ಪೂಜಾಪೀಠದ ಮುಂದೆ ಮೊಣಕಾಲೂರಿದಷ್ಟೇ ಶಾಂತಿಯಿಂದ ದೇವರ ಸನ್ನಿಧಿಯಲ್ಲಿ ಇರುತ್ತಿದ್ದವನೆಂದು ಹೆಸರಾದವನು. ಅಡುಗೆ ಕೆಲಸ ಅವನಿಗೆ ಸ್ವಭಾವತಃ ಇಷ್ಟವಿರಲಿಲ್ಲ ಎಂಬುದನ್ನು ಮರೆಯಬಾರದು.

ಅಡುಗೆಮನೆಯ ಮಾತು ಬಂದಾಗ ಅಕ್ಕಿಯ ಮಾತನ್ನೂ ಆಡಬೇಕು. ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಪ್ರತಿ ಹೊತ್ತಿನ ಅಡುಗೆಗೂ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ಬೇರೆ ಇಡುವ ರೂಢಿ 1910ರಿಂದ ನಡೆದುಬಂದಿದೆ. ಮಂಗಳೂರಿನ ಕಥೋಲಿಕರು ಮರಿಯಮ್ಮನವರ ಜನನದ ದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಅದರ ಕಾಳುಗಳನ್ನು ಬೆರೆಸಿದ ಹಾಲನ್ನೋ ಪಾಯಸವನ್ನೋ ಮನೆಮಂದಿಯೆಲ್ಲ ಕೂಡಿ ಸೇವಿಸುತ್ತಾರೆ. ಸುಗ್ಗಿ ಹಬ್ಬದ ಭಾನುವಾರ ನಮ್ಮ ಸಭೆಗಳಲ್ಲಿ ಕುಂಬಳಕಾಯಿ, ಕೋಳಿ, ತೆಂಗಿನಕಾಯಿ ದೇವರ ಮುಂದಕ್ಕೆ ಬಂದು ಆಮೇಲೆ ಹರಾಜಿಗೆ ಏರುವುದನ್ನು ನೋಡಿದವರಿಗೆ, ಪ್ರಾರ್ಥನೆಯ ಒಳಗೆ ಕುಂಬಳಕಾಯಿಗೂ ಜಾಗವಿದೆಯೆಂದು ವಿವರಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಅಕ್ಕಿಯ ಡಬ್ಬಕ್ಕೆ ಕೈ ಹಾಕುವ ಕ್ಷಣವನ್ನೇ ‘ಅನುದಿನದ ಆಹಾರ’ವೆಂಬ ಮಾತಿಗೆ ಗಂಟು ಹಾಕಿಕೊಳ್ಳಬಹುದು.

ಏಳನೆಯ ಹೆಜ್ಜೆ: ಸಿಟ್ಟನ್ನು ತೊಳೆಯದೆ ತರುವುದು

ಜನ ಮುಚ್ಚಿಡುವ ಚೀಟಿಗಳಲ್ಲಿ ಅತಿ ದೊಡ್ಡದು ಇದು. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ತಮ್ಮ, ಬಡ್ತಿ ತಪ್ಪಿಸಿದ ಅಧಿಕಾರಿ, ಕೊಟ್ಟ ಮಾತಿಗೆ ತಪ್ಪಿದ ಗೆಳತಿ, ಇವರನ್ನು ಪ್ರಾರ್ಥನೆಯಲ್ಲಿ ನೆನೆದಾಗ ನಾವು ಥಟ್ಟನೆ ‘ಅವರನ್ನು ಆಶೀರ್ವದಿಸು’ ಎಂದುಬಿಡುತ್ತೇವೆ. ಶತ್ರುವಿಗಾಗಿ ಪ್ರಾರ್ಥಿಸಿರಿ ಎಂಬುದು ಯೇಸುವಿನ ಆಜ್ಞೆ, ಅದರಲ್ಲಿ ಸಡಿಲಿಕೆ ಇಲ್ಲ; ಆದರೆ ಅಲ್ಲಿಗೆ ಹೋಗುವ ದಾರಿ ಸುಳ್ಳಿನ ಮೂಲಕ ಹಾದುಹೋಗುವುದಿಲ್ಲ. ಕೀರ್ತನೆಗಾರರು ಸಿಟ್ಟನ್ನು ಸಿಟ್ಟಾಗಿಯೇ, ಎಷ್ಟೋ ಸಲ ಓದಲು ಮುಜುಗರವಾಗುವಷ್ಟು ಖಾರವಾಗಿ, ದೇವರ ಮುಂದೆ ಸುರಿದಿದ್ದಾರೆ. 150 ಕೀರ್ತನೆಗಳಲ್ಲಿ ದೂರು ಮತ್ತು ಪ್ರಲಾಪದ ಪಾಲು ಬಹಳ ದೊಡ್ಡದು.

ಆದ್ದರಿಂದ ಮೊದಲು ನಡೆದದ್ದನ್ನು ಹೇಳಿ, ಆಮೇಲೆ ನಿಮಗೆ ಏನು ಮಾಡಬೇಕೆನಿಸುತ್ತಿದೆ ಎಂಬುದನ್ನೂ ಹೇಳಿ. ‘ಅವನ ಅಂಗಡಿ ಮುಚ್ಚಿಹೋಗಲಿ ಅನ್ನಿಸುತ್ತಿದೆ, ಕರ್ತನೇ’ ಎಂಬ ವಾಕ್ಯವನ್ನು ದೇವರಿಗೆ ಹೇಳಿದವನು ಅದನ್ನು ಊರಿಗೆಲ್ಲ ಹೇಳುವ ಸಂಭವ ಕಡಿಮೆ. ಬಳಿಕ, ಈ ಜಗಳದಲ್ಲಿ ನನ್ನದೇನು ಪಾಲು ಎಂದು ಕೇಳಿ ಸುಮ್ಮನೆ ಕೂರಿ. ಉತ್ತರ ಹೊಳೆದರೆ ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸಬೇಕಾಗಿ ಬರಬಹುದು: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಹೋದರನೊಂದಿಗೆ ಸಮಾಧಾನವಾಗು ಎಂದು ಮತ್ತಾಯನ 5ನೇ ಅಧ್ಯಾಯ ಹೇಳುತ್ತದೆ. ಹೆಂಡತಿಯನ್ನು ಗೌರವದಿಂದ ಕಾಣದ ಗಂಡನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆಂದು ಪೇತ್ರನ ಮೊದಲನೆಯ ಪತ್ರ 3ನೇ ಅಧ್ಯಾಯದಲ್ಲಿ ನೇರವಾಗಿಯೇ ಇದೆ. ನಮ್ಮ ಪುರುಷರ ಕೂಟಗಳಲ್ಲಿ ಈ ವಚನದ ಮೇಲೆ ಧ್ಯಾನ ನಡೆದದ್ದನ್ನು ನಾನು ಅಷ್ಟಾಗಿ ಕೇಳಿಲ್ಲ.

ಕುಟುಂಬ ಪ್ರಾರ್ಥನೆಯ ಕುರಿತು ಎರಡು ಎಚ್ಚರ

ಏಕಾಂತದಲ್ಲಿ ಎಲ್ಲವನ್ನೂ ಹರಡಬಹುದು. ಎಲ್ಲರ ಎದುರು ಎಲ್ಲವನ್ನೂ ಹರಡಬಾರದು. ಬೇರೆಯವರ ಗುಟ್ಟನ್ನು ಪ್ರಾರ್ಥನಾ ವಿಜ್ಞಾಪನೆಯ ಹೆಸರಿನಲ್ಲಿ ಹೊರಗೆಡಹುವುದು ಚಾಡಿಯೇ. ಅದನ್ನು ಕಣ್ಣು ಮುಚ್ಚಿ ಹೇಳಿದರೂ ಚಾಡಿಯೇ. ಎರಡನೆಯದು, ಮಕ್ಕಳಿಗೆ ಹೇಳಬೇಕಾದ ಬುದ್ಧಿಮಾತನ್ನು ದೇವರಿಗೆ ಹೇಳುವಂತೆ ನಟಿಸುವುದು. ‘ಕರ್ತನೇ, ನಮ್ಮ ಮಗಳು ಸಂಜೆ ಹೊತ್ತು ಮೊಬೈಲ್ ಬಿಟ್ಟು ಪುಸ್ತಕ ಹಿಡಿಯುವಂತೆ ಮಾಡು’ ಎಂದು ಅಮ್ಮ ಪ್ರಾರ್ಥಿಸುವಾಗ ಮಗಳು ಒಂದು ಕಣ್ಣು ತೆರೆದು ನೋಡುವುದು ಸಹಜ. ಅದರ ಬದಲು ಊಟಕ್ಕೆ ಮುನ್ನ ಮನೆಯ ಪ್ರತಿಯೊಬ್ಬರೂ ಆ ದಿನ ನಡೆದ ಒಂದು ಸಂಗತಿಯನ್ನು ಒಂದೇ ವಾಕ್ಯದಲ್ಲಿ ದೇವರಿಗೆ ಹೇಳುವ ಪದ್ಧತಿ ಇಟ್ಟುಕೊಳ್ಳಿ. ಅಪ್ಪನೂ ತನ್ನ ಸೋಲನ್ನು ಒಂದು ವಾಕ್ಯದಲ್ಲಿ ಹೇಳಿದ ದಿನ ಮಕ್ಕಳ ವಾಕ್ಯವೂ ಬದಲಾಗುತ್ತದೆ.

ಎಂಟನೆಯ ಹೆಜ್ಜೆ: ರಾತ್ರಿಯ ತಿರುವಿ ನೋಡುವಿಕೆ

ಇದಕ್ಕೆ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಕ್ರಮ ಐದು ಅಂಶಗಳದ್ದು: ದೊರೆತ ಒಳಿತುಗಳಿಗೆ ಕೃತಜ್ಞತೆ, ನಿಜವನ್ನು ಕಾಣುವ ಬೆಳಕಿಗಾಗಿ ಬೇಡಿಕೆ, ಎದ್ದಾಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಹತ್ತು ನಿಮಿಷ ಸಾಕು. ಕೃತಜ್ಞತೆಯನ್ನು ಮೊದಲು ಇಟ್ಟಿರುವುದರಲ್ಲಿ ವಿವೇಕವಿದೆ. ತಪ್ಪಿನಿಂದ ಶುರುಮಾಡಿದರೆ ದಣಿದ ಮನುಷ್ಯ ಅಲ್ಲಿಯೇ ಕುಸಿಯುತ್ತಾನೆ, ಇಲ್ಲವೇ ನಿದ್ರೆಗೆ ಜಾರುತ್ತಾನೆ. ನಿದ್ರೆ ಬಂದರೆ ಅದಕ್ಕಾಗಿ ಪೇಚಾಡಬೇಡಿ. ಹಾಸಿಗೆಯಲ್ಲಿ ಕೂತು ಮಾಡುವುದರ ಬದಲು ಅಡುಗೆಮನೆಯ ದೀಪದ ಕೆಳಗೆ ನಿಂತು ಮಾಡಿ ನೋಡಿ.

ಕಾಗದ ಬಿಚ್ಚಿಟ್ಟರೂ ಉತ್ತರ ಬಾರದಾಗ

ಹಿಜ್ಕೀಯನಿಗೆ ಪ್ರವಾದಿಯ ಮೂಲಕ ಉತ್ತರ ಬಂತು, ಅಶ್ಶೂರದ ಸೈನ್ಯ ಹಿಂದಿರುಗಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಪೌಲನು ತನ್ನ ಶರೀರದ ಮುಳ್ಳನ್ನು, ಎಂದರೆ ತನ್ನನ್ನು ಬಿಡದ ಬಾಧೆಯೊಂದನ್ನು, ತೆಗೆಯೆಂದು ಮೂರು ಸಲ ಬೇಡಿಕೊಂಡನು. ಮುಳ್ಳು ಉಳಿಯಿತು, ನನ್ನ ಕೃಪೆಯೇ ನಿನಗೆ ಸಾಕೆಂಬ ಮಾತು ಬಂತು. ಗೆತ್ಸೇಮನೆಯಲ್ಲಿ ಸ್ವತಃ ಯೇಸು ಬರಲಿದ್ದ ಸಂಕಟವನ್ನು ನೆನೆದು ಈ ಪಾತ್ರೆಯನ್ನು ತೊಲಗಿಸು ಎಂದು ಪ್ರಾರ್ಥಿಸಿದನು; ಪಾತ್ರೆ ತೊಲಗಲಿಲ್ಲ. 88ನೇ ಕೀರ್ತನೆಯಂತೂ ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲನ್ನೂ ಅಂಟಿಸಿಲ್ಲ. ಮಗುವನ್ನು ಕಳೆದುಕೊಂಡವರಿಗೆ, ವರ್ಷಗಳಿಂದ ಕೆಲಸ ಸಿಗದವರಿಗೆ ಯಾರಾದರೂ ‘ನಿಮ್ಮ ವಿಶ್ವಾಸ ಸಾಲದು’ ಎಂದರೆ ಈ ಮೂರನ್ನು ಅವರಿಗೆ ತೋರಿಸಿ.

ಮಾತೇ ಹೊರಡದ ದಿನಗಳಲ್ಲಿ ಚೀಟಿಯನ್ನು ಬಿಚ್ಚಿ ಅದರ ಮುಂದೆ ಸುಮ್ಮನೆ ಕೂರಬಹುದು. ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಇರುವುದು ಇಂಥ ದಿನಗಳಿಗಾಗಿಯೇ. ಅದೂ ಆಗದಿದ್ದರೆ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳಿ ಎದ್ದುಬಿಡಿ. ಅದರಲ್ಲಿ ಅನ್ನ, ಸಾಲ, ಕೇಡು ಮೂರೂ ಇವೆ.

ಮೊದಲ ವಾರ

ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೆ ಇಡಲು ಹೋಗಬೇಡಿ. ಭಾನುವಾರ ಸಂಜೆ ನಿನ್ನೆಯ ದಿನದ ಹಾಳೆ ಬರೆಯಿರಿ. ಸೋಮವಾರದಿಂದ ಮೂರು ಹೊತ್ತನ್ನು ಹಿಡಿಯಿರಿ, ಒಂದು ತಪ್ಪಿದರೆ ಉಳಿದ ಎರಡನ್ನು ಬಿಡಬೇಡಿ. ಬುಧವಾರ ಒಂದೇ ಒಂದು ಚಿಕ್ಕ ಮಾತನ್ನು ಒಂದೇ ಒಂದು ಕ್ರಿಯೆಗೆ ಗಂಟು ಹಾಕಿ. ಶುಕ್ರವಾರ ರಾತ್ರಿ, ಬಾಗಿಲು ಮುಚ್ಚಿ, ಒಂದು ಕಾಗದವನ್ನು ಬಿಚ್ಚಿ. ಅತಿ ಭಾರವಾದದ್ದನ್ನೇ ಮೊದಲು ಬಿಚ್ಚಬೇಕೆಂದಿಲ್ಲ, ಕರೆಂಟಿನ ಬಿಲ್ಲಾದರೂ ಸರಿ. ಬಿಚ್ಚಿದ ಕಾಗದದ ಹಿಂಬದಿಯಲ್ಲಿ ದಿನಾಂಕವನ್ನೂ, ಕೇಳಿಕೊಂಡದ್ದನ್ನು ಒಂದು ಸಾಲಿನಲ್ಲಿಯೂ ಬರೆಯಿರಿ. ತಿಂಗಳ ಕೊನೆಯಲ್ಲಿ ಎಲ್ಲವನ್ನೂ ತೆಗೆದು ಓದಿ, ತೀರಿದವಕ್ಕೆ ಸ್ತೋತ್ರ ಹೇಳಿ ಹರಿದುಹಾಕಿ, ತೀರದವನ್ನು ಮತ್ತೆ ರಬ್ಬರ್ ಬ್ಯಾಂಡ್ ಹಾಕಿ ಬೈಬಲಿನ ಕೆಳಗೇ ಇಡಿ.